ಸಾತಪುರದ ಪೆಟ್ಟಿಗೆಗೆ ಪರದೇಶದ ಮುದ್ರೆ

ನಾಸಿಕದ ಸಾತಪುರ, ಅಂಬಡ ಕೈಗಾರಿಕಾ ವಸಾಹತುಗಳಲ್ಲಿ ಎಬಿಬಿ, ಸೀಮೆನ್ಸ್, ಕ್ರಾಂಪ್ಟನ್ ಗ್ರೀವ್ಸ್‌ನಂಥ ಕಂಪನಿಗಳು ನೆಲೆಯೂರಿದ ಮೇಲೆ ಅವುಗಳ ಸುತ್ತ ತಗಡು ಮಡಿಸುವವರು, ತಾಮ್ರದ ಬಸ್‌ಬಾರ್ ಕತ್ತರಿಸುವವರು, ಪ್ಯಾನೆಲ್ ಬೋರ್ಡು ಜೋಡಿಸುವವರು ಬೆಳೆದರು. ಛತ್ರಪತಿ ಸಂಭಾಜಿನಗರದ ವಾಳೂಜದಲ್ಲೂ ದೊಡ್ಡ ಕಾರ್ಖಾನೆಗಳ ನೆರಳಿನಲ್ಲಿ ಸಣ್ಣ ಘಟಕಗಳು ಹುಟ್ಟಿಕೊಂಡಿವೆ. ಇಂಥ ಘಟಕವೊಂದು ತನ್ನದೇ ಹೆಸರಿನಲ್ಲಿ ಹೊರದೇಶಕ್ಕೆ ಮಾಲು ಕಳಿಸಲು ಹೊರಟರೆ ಗಿರಾಕಿ ಬೆಲೆಗೂ ಮುಂಚೆ ಕೇಳುವುದು ಸರ್ಟಿಫಿಕೇಟು. ಯಾವ ಸರ್ಟಿಫಿಕೇಟು ಎಂಬುದು ಮಾಲು ಇಳಿಯುವ ಬಂದರನ್ನು ಅವಲಂಬಿಸಿದೆ. ಅದಕ್ಕೆ ಕಾರಣ ಆಯಾ ದೇಶದ ಚರಿತ್ರೆ.

ಅಮೆರಿಕದಲ್ಲಿ ಸರ್ಟಿಫಿಕೇಟು ಬೆಂಕಿಯ ಭಯದಿಂದ ಹುಟ್ಟಿತು. 1893ರ ಷಿಕಾಗೋ ವಿಶ್ವ ಮೇಳದಲ್ಲಿ ವಿದ್ಯುದ್ದೀಪಗಳು ಝಗಮಗಿಸಿದಾಗ ವಿಮಾ ಕಂಪನಿಗಳಿಗೆ ದಿಗಿಲಾಯಿತು. ಅವುಗಳ ಪರವಾಗಿ ತಂತಿಗಳನ್ನು ಪರಿಶೀಲಿಸಲು ಬಂದ ಎಂಜಿನಿಯರ್ ವಿಲಿಯಂ ಹೆನ್ರಿ ಮೆರಿಲ್ 1894ರಲ್ಲಿ ತೆರೆದ ಪ್ರಯೋಗಾಲಯವೇ ಇಂದಿನ ಯುಎಲ್. ಅಲ್ಲಿ ಪ್ರತಿ ಸಾಮಾನಿಗೂ ಯುಎಲ್ ಮುದ್ರೆ ಬೇಕೆಂಬ ಒಂದೇ ರಾಷ್ಟ್ರೀಯ ಕಾನೂನಿಲ್ಲ. ಆದರೆ ಊರೂರಿನ ವಿದ್ಯುತ್ ಇನ್‌ಸ್ಪೆಕ್ಟರು, ದುಡಿಮೆಯ ತಾಣಗಳ ಸುರಕ್ಷತಾ ನಿಯಮ, ಅಂಗಡಿಯವನ ವಿಮೆ, ಈ ಮೂರೂ ಸೇರಿ ಮಾನ್ಯತೆ ಪಡೆದ ಪ್ರಯೋಗಾಲಯದ ಮುದ್ರೆಯನ್ನು ಅನಿವಾರ್ಯವಾಗಿಸಿವೆ. ಮುದ್ರೆ ಸಿಕ್ಕಿತೆಂದು ಕೈತೊಳೆದುಕೊಳ್ಳುವಂತೆಯೂ ಇಲ್ಲ. ತಪಾಸಣೆಗೆಂದು ಯುಎಲ್‌ನವರು ಮುನ್ಸೂಚನೆಯಿಲ್ಲದೆ ಕಾರ್ಖಾನೆಗೇ ಬರುತ್ತಾರೆ.

ಯುರೋಪಿನ ದಾರಿ ಬೇರೆ. ಜರ್ಮನಿಗೆ ವಿಡಿಇ, ನೆದರ್‌ಲ್ಯಾಂಡ್ಸ್‌ಗೆ ಕೆಮಾ, ಸ್ವೀಡನ್ನಿಗೆ ಸೆಮ್ಕೋ ಎಂದು ಒಂದೊಂದು ದೇಶಕ್ಕೆ ಒಂದೊಂದು ಮುದ್ರೆ ಇತ್ತು. 1973ರ ಕಡಿಮೆ ವೋಲ್ಟೇಜ್ ನಿರ್ದೇಶನ ಈ ಗೋಡೆಗಳನ್ನು ಕೆಡವತೊಡಗಿತು: ಎಸಿಯಲ್ಲಿ 50ರಿಂದ 1000, ಡಿಸಿಯಲ್ಲಿ 75ರಿಂದ 1500 ವೋಲ್ಟ್ ನಡುವಿನ ಸಾಮಾನುಗಳಿಗೆ ಒಂದೇ ಸುರಕ್ಷತಾ ನಿಯಮ. 1997ರಿಂದ ಅವಕ್ಕೆ ಸಿಇ ಗುರುತು ಕಡ್ಡಾಯವಾಯಿತು. ನಮ್ಮ ಸಣ್ಣ ಉದ್ಯಮಿಗಳು ಹೆಚ್ಚಾಗಿ ಎಡವುವುದು ಇಲ್ಲೇ. ಈ ನಿರ್ದೇಶನದಡಿ ಸಿಇ ಕೊಡುವ ಕಚೇರಿ ಎಂಬುದೇ ಇಲ್ಲ. ತಯಾರಕ ತಾನೇ ಘೋಷಿಸಿ, ಪರೀಕ್ಷಾ ವರದಿ, ನಕ್ಷೆಗಳ ಕಡತವನ್ನು ಹತ್ತು ವರ್ಷ ಇಟ್ಟುಕೊಳ್ಳಬೇಕು. 2021ರ ಜುಲೈಯಿಂದ ಯುರೋಪಿನ ನೆಲದಲ್ಲೇ ಹೊಣೆ ಹೊರುವವರೊಬ್ಬರೂ ಇರಬೇಕು. ಏಜೆಂಟರು ಅಗ್ಗಕ್ಕೆ ಮಾರುವ ‘ಸಿಇ ಸರ್ಟಿಫಿಕೇಟು’ ಈ ಹೊಣೆಯನ್ನು ಎಳ್ಳಷ್ಟೂ ಇಳಿಸುವುದಿಲ್ಲ; ಅದನ್ನು ಕೊಳ್ಳಬೇಡಿ ಎಂದೇ ನಾನು ಹೇಳುತ್ತೇನೆ. ಸ್ಫೋಟಕ ಅನಿಲವಿರುವ ಜಾಗದಲ್ಲಿ ಬಳಸುವ ಉಪಕರಣಗಳ ಮಾತು ಬೇರೆ. ವಾಳೂಜದಲ್ಲಿ ಎಂಡ್ರೆಸ್ ಪ್ಲಸ್ ಹೌಸರ್ ತಯಾರಿಸುವ ಹರಿವು, ಮಟ್ಟ ಅಳೆಯುವ ಮೀಟರುಗಳಂಥವು ರಾಸಾಯನಿಕ ಘಟಕಗಳಿಗೂ ಹೋಗುತ್ತವೆ. ಯುರೋಪಿನಲ್ಲಿ ಇಂಥವಕ್ಕೆ 2003ರಿಂದ ಅಟೆಕ್ಸ್ ನಿಯಮ ಕಡ್ಡಾಯ. ಅಪಾಯ ಹೆಚ್ಚಿರುವ ವಲಯಗಳಿಗೆ ಹೊರಗಿನ ಸಂಸ್ಥೆಯ ಪರೀಕ್ಷೆ ಇಲ್ಲದೆ ನಡೆಯದು.

ಚೀನಾದ ಸಿಸಿಸಿ ಮುದ್ರೆ 2002ರಲ್ಲಿ ಬಂತು, ಕೊಲ್ಲಿ ದೇಶಗಳಲ್ಲಿ ವಿದ್ಯುತ್ ಸಾಮಾನುಗಳಿಗೆ ಜಿ-ಮಾರ್ಕ್ 2016ರಲ್ಲಿ. ಮುದ್ರೆಗಳು ಹೀಗೆ ಹೆಚ್ಚುತ್ತಿದ್ದರೂ ಒಂದೇ ವರದಿ ಹಲವು ದೇಶಗಳಲ್ಲಿ ನಡೆಯಲೆಂದು ಅಂತರರಾಷ್ಟ್ರೀಯ ವಿದ್ಯುತ್ ತಂತ್ರಜ್ಞಾನ ಆಯೋಗದ (ಐಇಸಿ) ಸಿಬಿ ಪದ್ಧತಿ ಇದೆ. ಭಾರತದಲ್ಲಿ ಸರ್ಕಾರಿ ಪರೀಕ್ಷಾ ಸಂಸ್ಥೆ ಎಸ್‌ಟಿಕ್ಯುಸಿ ಅದರ ಅಂಗ. ಆದರೂ ಆಯಾ ದೇಶದ ವ್ಯತ್ಯಾಸಗಳು ಉಳಿದೇ ಇವೆ. 230 ವೋಲ್ಟ್, 50 ಹರ್ಟ್ಸ್‌ಗೆ ಪಾಸಾದ ಮೋಟಾರು 120 ವೋಲ್ಟ್, 60 ಹರ್ಟ್ಸ್‌ನ ಅಮೆರಿಕಕ್ಕೆ ಹಾಗೇ ಹೋಗಲಾರದು.

ಪರೀಕ್ಷೆಯಲ್ಲಿ ಏನು ಮಾಡುತ್ತಾರೆ ಎಂಬುದನ್ನು ನೋಡಿದರೆ ಸರ್ಟಿಫಿಕೇಟಿನ ಬೇರು ಎಲ್ಲಿದೆ ಎಂಬುದು ತಿಳಿಯುತ್ತದೆ. ಕಾದು ಕೆಂಪಾದ ತಂತಿಯನ್ನು ಪ್ಲಾಸ್ಟಿಕ್ಕಿಗೆ 30 ಸೆಕೆಂಡು ಒತ್ತಿ ಹಿಡಿಯುತ್ತಾರೆ. ಕೆಲವು ಭಾಗಗಳಿಗೆ ತಂತಿಯ ಬಿಸಿ 850 ಡಿಗ್ರಿ. ತೆಗೆದ ಮೇಲೆ 30 ಸೆಕೆಂಡಿನೊಳಗೆ ಉರಿ ಆರಬೇಕು, ಕೆಳಗಿಟ್ಟ ತೆಳು ಕಾಗದಕ್ಕೆ ಕಿಡಿ ತಗಲಬಾರದು. ಮನುಷ್ಯರ ಬೆರಳಿನಂತೆ ಮಡಚುವ ಲೋಹದ ಕಡ್ಡಿಯನ್ನು ಪ್ರತಿ ಸಂದಿಯಲ್ಲೂ ತೂರಿಸಿ, ಕರೆಂಟಿರುವ ಭಾಗ ಎಟುಕುತ್ತದೆಯೇ ಎಂದು ನೋಡುತ್ತಾರೆ. ಎರಡು ಟರ್ಮಿನಲ್ಲುಗಳ ನಡುವೆ ಮೇಲ್ಮೈಗುಂಟ ಎಷ್ಟು ಮಿಲಿಮೀಟರ್ ಎಂದು ಅಳೆಯುತ್ತಾರೆ. ಇವೆಲ್ಲ ಅಚ್ಚು ಕೊರೆಯುವ ಮೊದಲೇ ನಿರ್ಧಾರವಾಗಿಬಿಡುವ ಸಂಗತಿಗಳು. ಪಾಸಾದ ಮೇಲೆ ಕಿಲೋಗೆ ನಾಲ್ಕು ರೂಪಾಯಿ ಉಳಿಯುತ್ತದೆಂದು ಬೇರೆ ಪ್ಲಾಸ್ಟಿಕ್ ಹರಳು ತಂದರೆ ಆ ಸರ್ಟಿಫಿಕೇಟು ಈ ಪೆಟ್ಟಿಗೆಗೆ ಸೇರಿದ್ದೇ ಅಲ್ಲ. ಬಳಸುವ ಪ್ರತಿ ವಸ್ತುವಿನ ಮೇಲೂ ಕಣ್ಣಿಡಬೇಕೆಂಬ ಈ ಪಾಠವನ್ನು ನಾಸಿಕದ ದ್ರಾಕ್ಷಿ ಬೆಳೆಗಾರರು 2010ರಲ್ಲೇ ಕಲಿತರು: ಕ್ಲೋರ್ಮೆಕ್ವಾಟ್ ಎಂಬ ಬೆಳವಣಿಗೆ ನಿಯಂತ್ರಕದ ಉಳಿಕೆ ಸಿಕ್ಕಿತೆಂದು ಯುರೋಪ್ ಅವರ ಹಣ್ಣನ್ನು ತಿರಸ್ಕರಿಸಿತ್ತು. ಈಗ ಗೊನೆಯನ್ನು ತೋಟದವರೆಗೆ ಗುರುತಿಸಬಲ್ಲ ಜಿಲ್ಲೆಯಲ್ಲಿ ಟರ್ಮಿನಲ್ ಬ್ಲಾಕಿನ ಮೂಲ ಗುರುತಿಸುವುದು ಅಸಾಧ್ಯವೇನಲ್ಲ.

ಭಾರಿ ಸ್ವಿಚ್‌ಗೇರ್, ಟ್ರಾನ್ಸ್‌ಫಾರ್ಮರುಗಳದ್ದು ಇನ್ನೊಂದು ಕಥೆ. ಅವುಗಳ ಶಾರ್ಟ್ ಸರ್ಕ್ಯೂಟ್ ಪರೀಕ್ಷೆಗೆ ದೊಡ್ಡ ಜನರೇಟರೇ ಬೇಕು. 1960ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಸಿಪಿಆರ್‌ಐನಲ್ಲಿ 2500 ಎಂವಿಎ ಸಾಮರ್ಥ್ಯದ ಕೇಂದ್ರವಿದೆ, ಭೋಪಾಲದಲ್ಲಿ ಅದರ ಸ್ವಿಚ್‌ಗೇರ್ ಘಟಕವಿದೆ. ಪರದೇಶದ ಗಿರಾಕಿ ಹಟ ಹಿಡಿದರೆ ಮಾಲು ನೆದರ್‌ಲ್ಯಾಂಡ್ಸಿನ ಆರ್ನೆಮ್‌ಗೆ, ಕೆಮಾ ಪ್ರಯೋಗಾಲಯಕ್ಕೆ ಹೊರಡಬೇಕು. ಟನ್‌ಗಟ್ಟಲೆ ತೂಕದ ಟ್ರಾನ್ಸ್‌ಫಾರ್ಮರ್ ಅಷ್ಟು ದೂರ ಹೋಗಿ ಫೇಲಾಗಿ ಬಂದರೆ ಸಣ್ಣ ಘಟಕದ ವರ್ಷದ ಲಾಭ ಸಾಗಣೆ ವೆಚ್ಚಕ್ಕೇ ಹೋದೀತು. ಅದಕ್ಕೇ ಈಚೆಗೆ ನಾಸಿಕ ಸಮೀಪದ ಶಿಲಾಪುರಕ್ಕೆ ಸಿಪಿಆರ್‌ಐ ಪ್ರಯೋಗಾಲಯ ಬಂದದ್ದು ನನಗೆ ಯಾವ ರಿಯಾಯಿತಿಗಿಂತಲೂ ದೊಡ್ಡ ಸಹಾಯವಾಗಿ ಕಾಣುತ್ತದೆ.

ವಾಳೂಜದ ಸಣ್ಣವರಿಗೆ ಬೇಕಿರುವುದು ಇನ್ನೂ ಚಿಕ್ಕದು: ಅಂತಿಮ ಪರೀಕ್ಷೆಗೆ ಮುನ್ನ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಬೆಂಚು, ಜೊತೆಗೆ ಫೇಲಾದ ಕಾರಣವನ್ನು ಬಿಡಿಸಿ ಹೇಳುವ ಎಂಜಿನಿಯರು. 2003ರ ಗುಣಮಟ್ಟ ನಿಯಂತ್ರಣ ಆದೇಶದಿಂದೀಚೆಗೆ ನಮ್ಮ ಮಾರುಕಟ್ಟೆಯ ವಿದ್ಯುತ್ ಸಾಮಾನುಗಳಿಗೂ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಗುರುತು ಒಂದೊಂದಾಗಿ ಕಡ್ಡಾಯವಾಗುತ್ತಿದೆ. ರಫ್ತಿನ ಸ್ಯಾಂಪಲ್ಲುಗಳೂ ದೇಶದೊಳಗಿನವೂ ಒಂದೇ ಬಗೆಯ ಬೆಂಚಿಗೆ ಕಾಯಬೇಕಾದಾಗ ಬೆಂಚುಗಳನ್ನು ಹೆಚ್ಚಿಸದೆ ದಾರಿಯಿಲ್ಲ.