ಬಡವರ ಕಂಪ್ಯೂಟರ್ ಕಲಿಸಿದ ಪಾಠ

ಹೊಸ ಯಂತ್ರ ಬಂದಾಗಲೆಲ್ಲ ಅದು ಬಡವರ ಬದುಕನ್ನೇ ಬದಲಿಸಿಬಿಡುತ್ತದೆ ಎಂದು ಸಾರುವುದು ಕಂಪ್ಯೂಟರ್ ಉದ್ಯಮದ ಹಳೆಯ ರೂಢಿ. ಇಂದು ಕೃತಕ ಬುದ್ಧಿಮತ್ತೆಯ ಬಗ್ಗೆಯೂ ಅದೇ ಮಾತು ಕೇಳುತ್ತಿದ್ದೇವೆ. ಇಂಥ ಮಾತನ್ನು ತೂಗಿ ನೋಡಲು ಬೆಂಗಳೂರಿನವರಾದ ನಾವು ದೂರ ಹೋಗಬೇಕಿಲ್ಲ. ರಾಜಾಜಿನಗರದಿಂದ ಕೆಲವೇ ಕಿಲೋಮೀಟರ್ ದೂರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ ಸಿಂಪ್ಯೂಟರ್‌ನ ಇತಿಹಾಸವೇ ಸಾಕು.

ಸಂಸ್ಥೆಯ ಅಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಹಾಗೂ ಎನ್‌ಕೋರ್ ಸಾಫ್ಟ್‌ವೇರ್ ಕಂಪೆನಿಯವರು ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. ಅವರ ಆಶಯ ಪ್ರಾಮಾಣಿಕವಾಗಿತ್ತು. ಅಂಗೈಯಲ್ಲಿ ಹಿಡಿಯುವ ಯಂತ್ರ, ಉಚಿತ ಲಿನಕ್ಸ್ ತಂತ್ರಾಂಶ, ಕೀಲಿಮಣೆಯ ಬದಲು ಪರದೆಗೆ ತಾಗಿಸುವ ಕಡ್ಡಿ. ಓದು ಬಾರದವರಿಗಾಗಿ ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ದನಿ. ಬೆಲೆ ಸುಮಾರು 9,000 ರೂಪಾಯಿ. ಅಷ್ಟೂ ಕೊಡಲಾಗದವರು ಊರಿಗೊಂದು ಯಂತ್ರ ಹಂಚಿಕೊಂಡು, ತಮ್ಮ ಮಾಹಿತಿಯನ್ನು ಸ್ಮಾರ್ಟ್ ಕಾರ್ಡಿನಲ್ಲಿ ಇಟ್ಟುಕೊಳ್ಳಬಹುದಿತ್ತು.

2001ರಲ್ಲಿ ಮಾದರಿ ಯಂತ್ರ ಹೊರಬಂತು. ಆ ವರ್ಷದ ಕಂಪ್ಯೂಟರ್ ಆವಿಷ್ಕಾರಗಳಲ್ಲೇ ಇದು ಮಹತ್ವದ್ದೆಂದು ನ್ಯೂಯಾರ್ಕ್ ಟೈಮ್ಸ್ ಬರೆಯಿತು. ಡಿಜಿಟಲ್ ಕಂದಕ ಮುಚ್ಚಿಹೋಗುತ್ತದೆ ಎಂದು ಹಲವರು ನಂಬಿದರು. ಆದರೆ ಪಿಕೊಪೇಟ ಕಂಪೆನಿ ಮತ್ತು ಬಿಇಎಲ್ ಸೇರಿ 'ಅಮಿಡಾ' ಸಿಂಪ್ಯೂಟರನ್ನು ಮಾರುಕಟ್ಟೆಗೆ ತಂದದ್ದು 2004ರಲ್ಲಿ. ಅತಿ ಅಗ್ಗದ್ದಕ್ಕೇ 9,950 ರೂಪಾಯಿ. ಬಣ್ಣದ ಪರದೆಯದ್ದಕ್ಕೆ ಸುಮಾರು ಅದರ ಎರಡರಷ್ಟು. ಮೊದಲ ವರ್ಷ 50,000 ಯಂತ್ರ ಮಾರುವ ನಿರೀಕ್ಷೆಯಿತ್ತು. ಮಾರಾಟವಾದದ್ದು ಸುಮಾರು 4,000.

ಏಕೆ ಹೀಗಾಯಿತು? ಯಾರಿಗಾಗಿ ಯಂತ್ರ ಮಾಡಿದರೋ ಅವರ ಬಳಿ ಅಷ್ಟು ಹಣವಿರಲಿಲ್ಲ; ಹಣವಿದ್ದವರಿಗೆ ಅದು ಬೇಕಿರಲಿಲ್ಲ. ಅಷ್ಟರಲ್ಲಿ, 2003ರಲ್ಲೇ, ರಿಲಯನ್ಸ್ 501 ರೂಪಾಯಿ ಮುಂಗಡಕ್ಕೆ ಮೊಬೈಲ್ ಕೊಡತೊಡಗಿತ್ತು. ಬಡವನಿಗೆ ಮೊದಲು ಬೇಕಾದದ್ದು ದೂರದ ಊರಿನ ಮನೆಯವರೊಡನೆ, ಕೆಲಸ ಕೊಡುವವರೊಡನೆ ಮಾತನಾಡುವ ಸಾಧನ.

ಅದೇ ಕಾಲದಲ್ಲಿ ಕರ್ನಾಟಕ ಸರಕಾರದ 'ಭೂಮಿ' ಯೋಜನೆ ಸದ್ದಿಲ್ಲದೆ ಬೇರೊಂದು ದಾರಿ ಹಿಡಿಯಿತು. ರೈತನ ಕೈಗೆ ಯಂತ್ರ ಕೊಡಲಿಲ್ಲ. ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಮುದ್ರಿಸಿ ಕೊಟ್ಟಿತು. ಅದರಿಂದ ಭೂಮಿಯ ಎಲ್ಲ ಅನ್ಯಾಯ ನಿಂತಿತೆಂದಲ್ಲ. ಆದರೆ ರೈತ ಕೇಳಿದ ಕಾಗದ ಅವನಿಗೆ ಸಿಕ್ಕಿತು.

ಹಾಗೆಂದು ಸಿಂಪ್ಯೂಟರ್ ಕಟ್ಟಿದವರನ್ನು ನಾವು ಗೇಲಿ ಮಾಡಬೇಕಿಲ್ಲ. ಪರದೆ ಮುಟ್ಟಿ ನಡೆಸುವ, ನಮ್ಮ ಭಾಷೆ ಆಡುವ ಯಂತ್ರ ಜನರಿಗೆ ಬೇಕು ಎಂಬ ಅವರ ಗ್ರಹಿಕೆ ಸರಿಯಾಗಿಯೇ ಇತ್ತು. ಇಂದು ವಿಜಯನಗರದ ತರಕಾರಿ ಅಂಗಡಿಯಲ್ಲಿ, ಕೆಂಗೇರಿಯ ಚಹಾದಂಗಡಿಯಲ್ಲಿ ಹಣ ಬಂದಿತೆಂದು ಕನ್ನಡದಲ್ಲಿ ಕೂಗುವ ಪುಟ್ಟ ಪೆಟ್ಟಿಗೆಯನ್ನು ನೋಡುತ್ತೇವೆ. ಆದರೆ ಅದು ಬಂದದ್ದು ಬೇರೆ ಕಾಲದಲ್ಲಿ, ಬೇರೆಯವರ ಲಾಭದ ಲೆಕ್ಕದಲ್ಲಿ.

ಆದ್ದರಿಂದ ಮುಂದಿನ ಭವಿಷ್ಯವಾಣಿ ಕೇಳಿದಾಗ ನಾವು ಕೆಲವು ಸರಳ ಪ್ರಶ್ನೆ ಕೇಳೋಣ. ಇದರ ಬೆಲೆ ಕೊಡುವವರು ಯಾರು? ಕೆಟ್ಟರೆ ನಮ್ಮ ಬೀದಿಯಲ್ಲಿ ರಿಪೇರಿಯಾಗುತ್ತದೆಯೇ? ಎಲ್ಲಕ್ಕಿಂತ ಮೊದಲು, ಇದು ಬೇಕೆಂದು ಬಡವರು ಕೇಳಿದ್ದರೇ, ಅಥವಾ ಅವರ ಹೆಸರಿನಲ್ಲಿ ಬೇರೆಯವರು ಕೇಳುತ್ತಿದ್ದಾರೆಯೇ?