ನಾಲ್ಕರ ಜೋಡಿ ಮತ್ತು ಸುಪ್ರೀಂ ಕೋರ್ಟು

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ನಮ್ಮನೇಲಿ ಇಸ್ಪೀಟಿಗೆ ವರ್ಷಕ್ಕೆ ಒಂದೇ ದಿನ ಪರವಾನಗಿ, ಯುಗಾದಿಗೆ. ಆಡೋದು ಮೂರೆಲೆ. ಕೈಗೆ ಜೋಡಿ ಬಂದರೆ, ಅದು ಎರಡರದ್ದೇ ಆಗಿರಲಿ, ನಮ್ಮ ಚಿಕ್ಕಪ್ಪ ಪ್ಯಾಕ್ ಮಾಡೋ ಜಾಯಮಾನದವರಲ್ಲ. ನಾನೂ ಅದೇ ಗರಡಿಯವನು. ಬೆಂಗಳೂರಿನ ರೂಮಿನಲ್ಲಿ ಗೆಳೆಯರು ಪೋಕರ್ ಕಲಿಸಿದಾಗ, ಎಲ್ಲರಿಗಿಂತ ಮೊದಲು ಬಾಜಿ ಹೇಳಬೇಕಾದ ಜಾಗದಲ್ಲಿ ಕೂತು, ನಾಲ್ಕರ ಜೋಡಿ ನಂಬಿ ಮುನ್ನುಗ್ಗಿದೆ. ಆ ತಿಂಗಳ ಪೆಟ್ರೋಲ್ ದುಡ್ಡು ಹೋಯ್ತು :)

ಆಮೇಲೆ ಲೆಕ್ಕ ಹಾಕಿದೆ (ಇಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಬೇಡವೇ?). ಹೋಲ್ಡೆಮ್ ಪೋಕರಿನಲ್ಲಿ ಕೈಗೆ ಎರಡೇ ಎಲೆ. ಅದು ಜೋಡಿಯಾಗೋದು 17 ಸಲಕ್ಕೆ ಒಂದು ಸಲ. ಮೇಜಿನ ಮೇಲೆ ತೆರೆಯುವ ಮೊದಲ ಮೂರು ಎಲೆಗಳಲ್ಲಿ ಇನ್ನೊಂದು ನಾಲ್ಕು ಸಿಗೋದು 17 ಸಲಕ್ಕೆ ಎರಡೇ ಸಲ. ಉಳಿದ ಹದಿನೈದು ಸಲ ಮೇಲೊಂದು ರಾಜನೋ ರಾಣಿಯೋ ಬಂದು ನಮ್ಮ ನಾಲ್ಕರ ಜೋಡಿ ಮಂಕಾಗುತ್ತದೆ. ನಮ್ಮ ಹಿಂದೆ ಇನ್ನೂ ಎಂಟು ಜನ ಬಾಕಿ ಇದ್ದು, ಅವರಲ್ಲೊಬ್ಬ ಬಾಜಿ ಏರಿಸಿದರಂತೂ ಮುಗೀತು.

ಹಾಗಾದರೆ ಆಡಬೇಕೋ ಬಿಡಬೇಕೋ? ಇದಕ್ಕೊಂದು ಚರಿತ್ರೆಯೇ ಇದೆ. 1978ರ ಪುಸ್ತಕದಲ್ಲಿ ಡಾಯ್ಲ್ ಬ್ರನ್ಸನ್ ಚಿಕ್ಕ ಜೋಡಿಗಳ ಪರ. ಆತ ಆಡುತ್ತಿದ್ದದ್ದು ಮಿತಿಯಿಲ್ಲದ ಬಾಜಿ. ಮೂರನೇ ನಾಲ್ಕು ಬಿದ್ದರೆ ಎದುರಿನವನ ಇಡೀ ಗಂಟನ್ನೇ ಬಾಚಬಹುದು, ಹದಿನೈದು ಸೋಲೂ ಮುಚ್ಚಿಹೋಗುತ್ತವೆ. 1988ರಲ್ಲಿ ಸ್ಕ್ಲಾನ್‌ಸ್ಕಿ ಮತ್ತು ಮಾಲ್ಮತ್ ಬರೆದದ್ದು ಬಾಜಿಗೆ ಮಿತಿಯಿರುವ ಆಟದ ಬಗ್ಗೆ. ಅಲ್ಲಿ ಗೆದ್ದರೂ ಸಿಗೋದು ಅಷ್ಟಕ್ಕಷ್ಟೇ, ಆದ್ದರಿಂದ ಮೊದಲ ಜಾಗದಲ್ಲಿ ಇವನ್ನು ಬಿಸಾಡಿ ಅಂದರು. 2019ರಲ್ಲಿ ಬಂದ ಪ್ಲೂರಿಬಸ್ ಎಂಬ ಪ್ರೋಗ್ರಾಮ್ ತನ್ನೊಂದಿಗೆ ತಾನೇ ಆಡಿಕೊಂಡು ಕಲಿತು, ಆರು ಜನರ ಆಟದಲ್ಲಿ ವೃತ್ತಿಪರರನ್ನೇ ಸೋಲಿಸಿತು. ಏರಿಸದೆ ಸುಮ್ಮನೆ ಸಮಾ ಹಾಕಿ ಒಳಬರೋದು, ಸ್ಮಾಲ್ ಬ್ಲೈಂಡ್ ಜಾಗವೊಂದನ್ನು ಬಿಟ್ಟು, ನಷ್ಟದ ಬಾಬ್ತು ಅಂತ ಅದೂ ಒಪ್ಪಿತು. ನಾನು ಮಾಡಿದ್ದೂ ಅದನ್ನೇ!

ಈಗ ಕೋರ್ಟಿನ ಕಥೆ. 1967ರಲ್ಲಿ, ಸಿಕಂದರಾಬಾದಿನ ಕ್ಲಬ್ಬೊಂದರ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟು ರಮ್ಮಿಯನ್ನು ಮುಖ್ಯವಾಗಿ ಕೌಶಲ್ಯದ ಆಟ ಅಂದಿತು. ಬಿದ್ದ ಎಲೆ ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಎಸೆಯಬೇಕು ಗೊತ್ತಿರಬೇಕು. ಮೂರೆಲೆ ಹಾಗಲ್ಲ, ಬರೀ ಅದೃಷ್ಟ ಅಂತಲೂ ಅದೇ ತೀರ್ಪು ಹೇಳಿತು. ಪೋಕರಿನ ಸರದಿ ಬಂದದ್ದು 2013ರಲ್ಲಿ: ಕೌಶಲ್ಯದ ಆಟವಾಗಿ ಆಡಿದರೆ ಲೈಸೆನ್ಸ್ ಬೇಕಿಲ್ಲ ಎಂದಿತು ಕರ್ನಾಟಕ ಹೈಕೋರ್ಟು. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆ ತಿದ್ದಿ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು; 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಕೌಶಲ್ಯ, ಅದೃಷ್ಟ ಎರಡನ್ನೂ ಒಂದೇ ಗಂಟು ಕಟ್ಟಿ, ಹಣದ ಆನ್‌ಲೈನ್ ಆಟಗಳಿಗೆಲ್ಲ ನಿಷೇಧದ ಕಾಯ್ದೆ ತಂದಿತು. ಫೋನಿನಲ್ಲಿ ಸಂಬಳ ಕಳಕೊಂಡವರನ್ನು ನೋಡಿದ್ದೇನೆ, ಹಾಗಾಗಿ ನನಗೆ ಬೇಜಾರೇನಿಲ್ಲ. ಆದರೆ ನಾಲ್ಕರ ಜೋಡಿಯನ್ನು ಮೊದಲ ಜಾಗದಲ್ಲಿ ಬಿಸಾಡೋದು ಅದೃಷ್ಟ ಅಂದರೆ ಮಾತ್ರ ಒಪ್ಪಲಾರೆ. ಎಲೆ ಬಂದದ್ದು ಅದೃಷ್ಟ, ಬಿಟ್ಟದ್ದು ನಾನು.

ಈ ಯುಗಾದಿಗೆ ಚಿಕ್ಕಪ್ಪನಿಗೆ ಇದನ್ನೆಲ್ಲ ಹೇಳಿದೆ. "ಮೂರೆಲೇಲಿ ಕೌಶಲ್ಯ ಇಲ್ಲ ಅಂದೋರು ನನ್ ಎದುರಿಗೆ ಕೂತಿಲ್ಲ ಬಿಡಲೇ" ಅಂದು, ಎಲೆ ಮುಟ್ಟಿಯೂ ನೋಡದೆ ಬ್ಲೈಂಡ್ ಹಾಕಿದರು. ಎದುರಿಗೆ ಕೂತಿದ್ದವನು ನಾನು. ಪ್ಯಾಕ್ ಮಾಡಿದೆ.