ಸೈನಿಕರ ಅಂಗಸಾಧನೆ ಮತ್ತು ಶಿಕ್ಷಕನ ಅರ್ಹತೆ

ಸೈನಿಕರಿಗೆ ಅಂಗಸಾಧನೆ ಕಲಿಸುವವನ ಅರ್ಹತೆಗೆ ಎಂತಹ ಪ್ರಮಾಣಪತ್ರ ಸಾಕ್ಷಿಯಾಗಬಲ್ಲದು? ಬ್ರಿಟಿಷ್ ಸೇನೆ ಈ ಪ್ರಶ್ನೆಯನ್ನು ಗಂಭೀರವಾಗಿ ಎದುರಿಸಿದ್ದು ಕ್ರಿಮಿಯಾ ಯುದ್ಧದ (1853-56) ತರುವಾಯ. 1860ರಲ್ಲಿ ಮೇಜರ್ ಹ್ಯಾಮರ್‌ಸ್ಲಿಯ ನೇತೃತ್ವದಲ್ಲಿ ಸಾರ್ಜೆಂಟ್ ಮೊದಲಾದ ಕೆಳದರ್ಜೆಯ ಹನ್ನೆರಡು ಮಂದಿಯನ್ನು ಆಕ್ಸ್‌ಫರ್ಡ್‌ನಲ್ಲಿದ್ದ ಆರ್ಚಿಬಾಲ್ಡ್ ಮ್ಯಾಕ್ಲಾರೆನ್‌ನ ವ್ಯಾಯಾಮಶಾಲೆಗೆ ಕಳುಹಿಸಲಾಯಿತು. ಅವರ ವಯಸ್ಸು, ಎತ್ತರ, ತೂಕ ಒಂದೇ ಆಗಿರಲಿಲ್ಲ. ಮ್ಯಾಕ್ಲಾರೆನ್ ಅವರ ಅಂಗಾಂಗಗಳ ಅಳತೆಯನ್ನು ದಾಖಲಿಸಿ, ಸಾಧನೆಯಿಂದಾದ ಬದಲಾವಣೆಯನ್ನು ಗುರುತಿಸಿದನು. ಶಿಕ್ಷಕರಾಗಬೇಕಾದವರು ಮೊದಲು ಶಿಷ್ಯರಾಗಿ, ಶ್ರಮದ ಕ್ರಮವನ್ನು ತಮ್ಮ ಮೈಯಲ್ಲೇ ಅರಿತರು. ಇಂದಿನ ರಾಯಲ್ ಆರ್ಮಿ ಫಿಸಿಕಲ್ ಟ್ರೇನಿಂಗ್ ಕೋರ್‌ನ ಮೂಲ ಇದೇ.

ದೇಹಭೇದವನ್ನು ಗಮನಿಸುವ ಈ ವಿವೇಕ ಕನ್ನಡ ನೆಲಕ್ಕೂ ಅಪರಿಚಿತವಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ (12ನೆಯ ಶತಮಾನ) ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗನುಸಾರವಾಗಿ ವಿಂಗಡಿಸುತ್ತದೆ. ಗರಡಿಮನೆಯ ವಸ್ತಾದನಿಗೆ ಪತ್ರದ ಹಂಗಿರಲಿಲ್ಲ. ಅವನ ಶಿಷ್ಯರ ಸಾಮು, ಊರಿನ ಮನ್ನಣೆಗಳೇ ಅವನ ಪ್ರಮಾಣ.

ಆದರೆ ಇಲ್ಲೊಂದು ಮುಖ್ಯ ವ್ಯತ್ಯಾಸವಿದೆ. ಗರಡಿಯ ಹುಡುಗ ವಸ್ತಾದನನ್ನು ತೊರೆದು ಬೇರೊಂದು ಗರಡಿಗೆ ಹೋಗಬಲ್ಲ. ಆಜ್ಞಾಬದ್ಧನಾದ ಸೈನಿಕ ಹಾಗೆ ಹೋಗಲಾರ. ತಪ್ಪು ಕಲಿಕೆಯಿಂದ ಅವನ ಕೀಲು, ಬೆನ್ನುಗಳು ಕೆಟ್ಟರೂ ಆಯ್ಕೆ ಅವನ ಕೈಯಲ್ಲಿಲ್ಲ. ಆದುದರಿಂದ ಅವನ ಪರವಾಗಿ ಆಯ್ಕೆಯ ಹೊಣೆಯನ್ನು ಪ್ರಮಾಣಪತ್ರವೇ ಹೊರಬೇಕಾಗುತ್ತದೆ. ಅಂತಹ ಪತ್ರವನ್ನು ಆರಿಸುವಾಗ ಅದನ್ನು ನೀಡುವ ಸಂಸ್ಥೆಯ ಹೆಸರಿಗಿಂತ ಮೂರು ಅಂಶಗಳು ಮುಖ್ಯ: ಅಭ್ಯರ್ಥಿಯು ಅನುಭವಿಗಳ ಕಣ್ಣೆದುರು ಕಲಿಸಿ ತೋರಿಸಿದ್ದಾನೆಯೇ, ದೇಹದಿಂದ ದೇಹಕ್ಕಿರುವ ಅಂತರವನ್ನು ಅಳೆಯಬಲ್ಲನೇ, ಶ್ರಮವನ್ನು ಹಂತಹಂತವಾಗಿ ಏರಿಸುವುದರ ಜೊತೆಗೆ ತಡೆಯಲೂ ಬಲ್ಲನೇ? ಇವುಗಳಿಗೆ ಸಾಕ್ಷಿ ನುಡಿಯದ ಪತ್ರ ಸೈನಿಕನನ್ನು ಕಾಯಲಾರದು.